ಆತು ತಗೋರಿ

ಎದುರಿಗೆ ಕೂತವರ ಮಾತು ಗಟ್ಟಿಯೋ ಜೊಳ್ಳೋ ಎಂದು ತೂಗಿ ಹೇಳುವ ಯಂತ್ರವೊಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಯಾರಿಗೆ ಅನ್ನಿಸಿಲ್ಲ, ಹೇಳಿ? 'ನಾಳೆ ಹೊಲಿದಿಟ್ಟಿರ್ತೀನಿ' ಅನ್ನುವ ದರ್ಜಿ, 'ಹತ್ತೇ ನಿಮಿಷ, ಬಂದೆ' ಅನ್ನುವ ಬೀಗರು, 'ಇನ್ನು ಮುಟ್ಟಿದ್ರೆ ಕೇಳು' ಅಂತ ಮಕ್ಕಳ ತಲೆ ಮುಟ್ಟಿ ಆಣೆ ಮಾಡುವ ಕುಡುಕ, ಇವರೆಲ್ಲರ ಮುಂದೆ ಅದನ್ನು ತಂದು ಇಟ್ಟುಬಿಡಬಹುದಿತ್ತು. ಎರಡು ಸಾವಿರದ ಮೂವತ್ತೆಂಟನೆಯ ಇಸವಿಯ ಹೊತ್ತಿಗೆ ಧಾರವಾಡದ ಸಂವಾದ ತರಬೇತಿ ಕೇಂದ್ರದಲ್ಲಿ ಅಂಥದೊಂದು ಯಂತ್ರ ನಿಜಕ್ಕೂ ಇತ್ತು. ಕಾಗದದ ಮೇಲೆ ಅದರ ಹೆಸರು ಒಂದು ಸಾಲಿನಷ್ಟು ಉದ್ದ. ಬಾಯಲ್ಲಿ ಎಲ್ಲರಿಗೂ ಅದು ಬರೀ 'ತಕ್ಕಡಿ'.

ನೋಡಲಿಕ್ಕೆ ಊಟದ ಡಬ್ಬಿಯಷ್ಟು. ಮೈಮೇಲೆ ಎರಡೇ ದೀಪ, ಒಂದು ಹಳದಿ, ಇನ್ನೊಂದು ಹಸಿರು. ಡಾಕ್ಟರಿಗೂ ರೋಗಿಗೂ ನಡುವೆ ಮೇಜಿನ ಮೇಲೆ ಇಟ್ಟರೆ ಸಾಕು, ರೋಗಿ ಆಡಿದ ಶಬ್ದ, ದನಿಯ ಏರಿಳಿತ, ನಡುವೆ ಎಳೆದುಕೊಂಡ ಉಸಿರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. 'ನಮ್ಮಪ್ಪ ಎಂಬತ್ತು ವರ್ಷ ತಂಬಾಕು ತಿಂದ, ಏನೂ ಆಗಲಿಲ್ಲ' ಅಂದರೆ ಹಳದಿ. 'ಮೊಮ್ಮಗಳು ಬಾಯಿ ವಾಸನೆ ಅಂತ ಹತ್ತಿರ ಬರೋದಿಲ್ಲ, ಬಿಡಬೇಕು ಅನ್ನಿಸ್ತದೆ' ಅಂದರೆ ಹಸಿರು ಮಿಣುಕು. ಮನಸ್ಸು ಗಟ್ಟಿ ಮಾಡಿದ ಅಂತ ಕಂಡರೆ ಹಸಿರು ದೀಪ ಮಿಣುಕುವುದನ್ನು ಬಿಟ್ಟು ನಿಂತು ಉರಿಯುತ್ತಿತ್ತು. ಆಗ ರೋಗಿಯ ಹೆಸರಿನ ಮುಂದೆ 'ನಿರ್ಧರಿತ' ಎಂಬ ಮುದ್ರೆ ತಾನಾಗಿಯೇ ಬೀಳುತ್ತಿತ್ತು. ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಮೊದಲೇ ಕಡಿಮೆ. ನಿರ್ಧಾರ ಮಾಡಿದವರನ್ನು ಬಿಟ್ಟು ಹಳದಿಯಲ್ಲಿ ಉಳಿದವರ ಮನೆಗೆ ಹೋಗಲಿ ಎನ್ನುವುದು ಲೆಕ್ಕಾಚಾರ. ಕೇಳಿದರೆ ಯಾರೂ ತಪ್ಪು ಅನ್ನುವ ಹಾಗಿರಲಿಲ್ಲ.

ಈ ತಕ್ಕಡಿಯನ್ನು ಮುಂದಿಟ್ಟುಕೊಂಡು ಡಾಕ್ಟರರಿಗೆ, ನರ್ಸುಗಳಿಗೆ, ಏಳು ನಿಮಿಷದೊಳಗೆ ರೋಗಿಯ ಮನಸ್ಸು ತಿರುಗಿಸುವ 'ಏಳು ನಿಮಿಷದ ಮಾತು' ಕಲಿಸುವವಳು ಡಾಕ್ಟರ್ ಪ್ರಮೀಳಾ ಹಂಚಿನಾಳ. ಐವತ್ತನಾಲ್ಕರ ಹೆಂಗಸು, ನವಲಗುಂದ ಕಡೆಯವಳು. ಮೊದಲ ದಿನವೇ ಹೇಳಿಬಿಡುತ್ತಿದ್ದಳು: "ಬುದ್ಧಿ ಹೇಳಿದ್ರೋ, ಕೆಟ್ರಿ. ತಂಬಾಕು ಕೆಟ್ಟದ್ದು ಅಂತ ಅವನಿಗೆ ಗೊತ್ತಿಲ್ಲೇನು? ಪೊಟ್ಟಣದ ಮ್ಯಾಲೇ ಚಿತ್ರ ಐತಿ. ನೀವು ಕೇಳ್ರಿ. ಅವನ ಬಾಯಿಂದನ ಬರಬೇಕು."

ಆ ಗುರುವಾರ ಬೆಳಿಗ್ಗೆ ಕುಂದಾಪುರ ಕಡೆಯ ಸುಧನ್ವ ಎಂಬ ಹಲ್ಲಿನ ಡಾಕ್ಟರನ ಸರದಿ. ಎದುರಿಗೆ ಪರದೆಯ ಮೇಲೆ ಯಲ್ಲಪ್ಪ. ಯಲ್ಲಪ್ಪ ಎಂಬ ಮನುಷ್ಯ ಎಲ್ಲೂ ಇಲ್ಲ. ಸಾವಿರಾರು ರೋಗಿಗಳ ಮಾತು ಕೇಳಿ ಯಂತ್ರವೇ ಹೆಣೆದ ಅಭ್ಯಾಸದ ರೋಗಿ ಅವನು.

"ಸೊನ್ನೆಯಿಂದ ಹತ್ತರ ಒಳಗೆ ಹೇಳಿ ಯಲ್ಲಪ್ಪ, ತಂಬಾಕು ಬಿಡುವ ಮನಸ್ಸು ಎಷ್ಟಿದೆ?" ಅಂದ ಸುಧನ್ವ.

"ಮೂರು ಅನ್ರಿ."

"ಮೂರು ಯಾಕೆ? ಸೊನ್ನೆ ಯಾಕೆ ಅಲ್ಲ?"

ಯಲ್ಲಪ್ಪ ತಲೆ ಕೆರೆದುಕೊಂಡ. ಬಾಯಿ ಉರಿ ಅಂದ, ಹೆಂಡತಿಯ ಕಾಟ ಅಂದ, ಅದೂ ಇದೂ ಅಂದ. ಕೊನೆಗೆ, "ಆತು ತಗೋರಿ ಡಾಕ್ಟ್ರ, ಬಿಟ್ಟಂಗ" ಅಂದ. ಹಸಿರು ದೀಪ ನಿಂತು ಉರಿಯಿತು. ನಾಲ್ಕು ನಿಮಿಷ ಹತ್ತು ಸೆಕೆಂಡು! ಸುಧನ್ವನ ಮುಖ ಅರಳಿತು, ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಪ್ರಮೀಳಾ ಕೂಡ ತಟ್ಟಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳಿ ಅಂದಿರಲಿಲ್ಲ, ಆದರೂ 'ಆತು ತಗೋರಿ' ಎಂಬ ಆ ಎರಡು ಶಬ್ದ ಕಿವಿಗೆ ಬಿದ್ದಾಗಲೆಲ್ಲ ಅವಳ ಕಣ್ಣು ದೀಪದಿಂದ ಬೇರೆ ಕಡೆ ಹೊರಳುತ್ತಿತ್ತು. ಮೂರು ವರ್ಷದಿಂದ ಹೀಗೇ ಚಪ್ಪಾಳೆ ತಟ್ಟುತ್ತಿದ್ದಳು.

ಅಂದು ಮನೆಯಲ್ಲಿ ಊಟಕ್ಕೆ ಬಡಿಸುವಾಗ ಗಂಡನಿಗೆ ಅಂದಳು: "ರೀ, ಸಕ್ಕರಿ ಇನ್ನೂರ ಮೂವತ್ತಕ್ಕ ಹೋಗೇತಿ. ಉಂಡ ಮ್ಯಾಲ ಅರ್ಧ ತಾಸು ಅಡ್ಡಾಡ್ರಿ."

ಶ್ರೀಶೈಲಪ್ಪ ನಿವೃತ್ತ ಕನ್ನಡ ಮಾಸ್ತರು. ಪೇಪರಿನಿಂದ ತಲೆ ಎತ್ತದೆ, "ಆತು ತಗೋ" ಅಂದರು. ಅಂದು ಪುಟ ತಿರುಗಿಸಿದರು.

ಆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. 'ಆತು' ಅಂದರೆ ಆಯಿತು, 'ತಗೋರಿ' ಅಂದರೆ ತೆಗೆದುಕೊಳ್ಳಿ. ನಿಘಂಟು ಹಿಡಿದು ನೋಡಿದರೆ ಒಪ್ಪಿಗೆಯೇ. ಆದರೆ ಆಡುವವರ ಬಾಯಲ್ಲಿ ಅದು ಹತ್ತರಲ್ಲಿ ಒಂಬತ್ತು ಸಲ 'ನಿಮ್ಮ ಮಾತು ಮುಗೀತಲ್ಲ, ಇನ್ನು ನನ್ನ ಪಾಡಿಗೆ ನನ್ನ ಬಿಡಿ' ಎಂಬುದನ್ನು ಮರ್ಯಾದೆಯಿಂದ ಹೇಳುವ ರೀತಿ. ಎದ್ದು ಹೋಗು ಅಂತ ಬಾಯಿಬಿಟ್ಟು ಅನ್ನುವಷ್ಟು ಒರಟರಲ್ಲ ಅಲ್ಲಿಯ ಜನ. ಇದು ಪ್ರಮೀಳಾಗೆ ಗೊತ್ತಿರಲಿಲ್ಲವೆ? ಮೂವತ್ತು ವರ್ಷ ಸಂಸಾರ ಮಾಡಿದವಳು! ದಿನಕ್ಕೆರಡು ಸಲ ಕೇಳುತ್ತಿದ್ದಳು, ಒಂದು ದಿನವೂ ಅದನ್ನು ಹೂಂ ಅಂತ ನಂಬಿ ಸುಮ್ಮನಾದವಳಲ್ಲ.

"ಆತು ತಗೋ ಅನ್ನಬ್ಯಾಡ್ರಿ, ಏಳ್ರಿ" ಎಂದು ಚಪ್ಪಲಿ ತಂದು ಮುಂದಿಟ್ಟಳು. ಮಾಸ್ತರು ಗೊಣಗುತ್ತ ಎದ್ದರು.

ಅಷ್ಟು ಗೊತ್ತಿದ್ದವಳು ಮಾಡಿದ್ದೇನು, ಅದನ್ನೂ ಹೇಳಿಬಿಡಬೇಕು. ಮೂರು ವರ್ಷದ ಹಿಂದೆ ತಕ್ಕಡಿಗೆ ಪಾಠ ಹೇಳುವಾಗ ಹನ್ನೆರಡು ಸಾವಿರ ಮಾತಿನ ತುಣುಕುಗಳನ್ನು ಅದಕ್ಕೆಂದೇ ನೇಮಿಸಿದ ಕೇಳುಗರಿಗೆ ಕೊಟ್ಟಿದ್ದರು. ಒಂದೊಂದು ತುಣುಕನ್ನೂ ಇಬ್ಬರು ಬೇರೆ ಬೇರೆ ಕೂತು ಕೇಳಿ, ಹಳದಿಯೋ ಹಸಿರೋ ಗುರುತು ಹಾಕಬೇಕು. ನೂರರಲ್ಲಿ ಎಂಬತ್ತೈದು ಕಡೆ ಇಬ್ಬರ ಗುರುತೂ ಒಂದೇ ಆಗಿರಬೇಕು. ಆಗದಿದ್ದರೆ ಪರಿಶೀಲನಾ ಸಮಿತಿ ಯಂತ್ರವನ್ನು ವಾಪಸು ಕಳಿಸುತ್ತದೆ. ಎಂಬತ್ತೊಂದಕ್ಕೆ ಬಂದು ನಿಂತಿತ್ತು. ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಿದರೆ, ಈ 'ಆತು ತಗೋರಿ'ಯಲ್ಲಿ. ಮೈಸೂರು ಕಡೆಯ ಹುಡುಗಿಯರೆಲ್ಲ ಹಸಿರು ಹಾಕಿದ್ದರು. ಹಳದಿ ಹಾಕಿದವಳು ಒಬ್ಬಳೇ, ರೋಣ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷ ಆಶಾ ಕಾರ್ಯಕರ್ತೆಯಾಗಿದ್ದ ಕಾಶವ್ವ ತಳವಾರ.

"ಬಾಯಾರ, ಇದು ಹೂಂ ಅಲ್ರಿ" ಅಂದಿದ್ದಳು ಕಾಶವ್ವ. "ಇದು, 'ನಿಮಗ ಹೊತ್ತಾತು, ಇನ್ನ ಏಳ್ರಿ' ಅಂದಂಗ. ಇದನ್ನ ಯಾವ ಮನ್ಯಾಗ ಕೇಳ್ತಿದ್ನೆಲಾ, ಮರುದಿನ ಮೊದಲ ಆ ಮನಿಗೇ ಹೋಗ್ತಿದ್ದೆ."

"ಯಂತ್ರಕ್ಕ ಅಷ್ಟು ಸೂಕ್ಷ್ಮ ತಿಳಿಯಂಗಿಲ್ಲ ಕಾಶವ್ವ. ಶಬ್ದದಾಗ ಒಪ್ಪಿಗಿ ಐತಲ್ಲ?"

"ಶಬ್ದದಾಗ ಐತ್ರಿ. ಮನಸಿನ್ಯಾಗ ಇಲ್ಲ."

ಸಮಿತಿಯ ಸಭೆಗೆ ಆರು ದಿನ ಉಳಿದಿತ್ತು. ಆ ಪಾಠದ ಹೊಣೆ ಹೊತ್ತಿದ್ದ ಪ್ರಮೀಳಾ ಕೇಳುಗರ ನಿಯಮಪುಸ್ತಕದಲ್ಲಿ ಒಂದು ಸಾಲು ಸೇರಿಸಿದಳು: 'ಆಯ್ತು, ಆತು ತಗೋರಿ ಮೊದಲಾದವನ್ನು ಒಪ್ಪಿಗೆ ಎಂದೇ ಗುರುತಿಸತಕ್ಕದ್ದು.' ಎಲ್ಲರೂ ಮತ್ತೆ ಗುರುತು ಹಾಕಿದರು. ಎಂಬತ್ತಾರು ಬಂತು. ಸಮಿತಿ ಒಪ್ಪಿತು, ಎಲ್ಲರಿಗೂ ಪೇಢೆ ಹಂಚಿದರು. ಕಾಶವ್ವ ತನ್ನ ಪಾಲಿನದನ್ನು ಮೇಜಿನ ಮೇಲೇ ಇಟ್ಟು ಊರಿಗೆ ಹೋದವಳು ಮತ್ತೆ ಬರಲಿಲ್ಲ. ಮುಂದೆ ಸರಿಪಡಿಸಿದರಾಯಿತು ಅಂತ ಪ್ರಮೀಳಾ ತನಗೆ ತಾನೇ ಹೇಳಿಕೊಂಡಿದ್ದಳು. ಮುಂದೆ ಅನ್ನುವುದು ಬರಲೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಕೇಂದ್ರದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಗದಗಿನಿಂದ ಬಂದಿದ್ದಳು, ಹೆಸರು ನೀಲವ್ವ ಮುಳಗುಂದ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ. ಒಳಗೆ ಕರೆದು ಕೂಡಿಸಿದರೂ ಕುರ್ಚಿಯ ತುದಿಗೇ ಕೂತಳು.

"ತಪ್ಪಾಗೇತ್ರಿ ಡಾಕ್ಟರ್ ಬಾಯಾರ. ಕ್ಷಮಾ ಕೇಳಾಕ ಬಂದೀನಿ" ಅಂದಳು.

"ನೀವು ಯಾಕ ಕ್ಷಮಾ ಕೇಳ್ತೀರಿ?"

"ನಮ್ಮನಿಯವರು ನಿಮಗ ಮಾತ ಕೊಟ್ಟು ತಪ್ಪಿದ್ರಲ್ರಿ, ಅದಕ್ಕ."

ನೀಲವ್ವನ ಗಂಡ ಈರಭದ್ರಪ್ಪ. ಊರ ಬಸ್‌ಸ್ಟ್ಯಾಂಡಿನಲ್ಲಿ ಮೈಕು ಹಿಡಿದು, ಯಾವ ಬಸ್ಸು ಎಲ್ಲಿಗೆ ಅಂತ ಗಾಡಿ ಹೇಳುವವರು, ಇಪ್ಪತ್ತಾರು ವರ್ಷದಿಂದ. ಎಲ್ಲಾ ಕಡೆ ಯಂತ್ರದ ದನಿ ಬಂದ ಮೇಲೂ ಅಲ್ಲಿಯ ಜನ, ನಮಗೆ ಈರಭದ್ರಪ್ಪನ ದನಿಯೇ ಬೇಕು ಅಂತ ಹಟ ಹಿಡಿದು ಉಳಿಸಿಕೊಂಡಿದ್ದರು. ಹದಿನಾಲ್ಕು ತಿಂಗಳ ಕೆಳಗೆ ಸ್ಟ್ಯಾಂಡಿನ ಎದುರಿನ ದವಾಖಾನೆಯಲ್ಲಿ ನಾಲಿಗೆಯ ಬದಿಗೆ ಒಂದು ಬಿಳಿ ಮಚ್ಚೆ ಕಂಡಿತ್ತು. ಏಳು ನಿಮಿಷದ ಮಾತು ಕಲಿತಿದ್ದ ನರ್ಸ್ ಅವರ ಹತ್ತಿರ ಮಾತಾಡಿದ್ದಳು. ತಕ್ಕಡಿ ಕೊಟ್ಟ ಚೀಟಿಯೇ ಈಗ ನೀಲವ್ವನ ಕೈಯಲ್ಲಿದ್ದದ್ದು. 'ತಂಬಾಕು ತ್ಯಜಿಸಲು ನಿರ್ಧರಿತ.'

"ಇದರ ಮ್ಯಾಲ ಬರದೈತಿ ನೋಡ್ರಿ, ಬಿಡ್ತೀನಿ ಅಂತ ಮಾತ ಕೊಟ್ಟಾರ. ಕೊಟ್ಟು, ಕದ್ದು ತಿಂದ್ರು. ಯಾರೂ ಮತ್ತ ಕೇಳಾಕ ಬರಲಿಲ್ಲ. ನಾನೂ ಈ ಚೀಟಿ ನೋಡಿ ಸುಮ್ಮನ ಕುಂತೆ. ಈಗ ನಾಲಿಗಿ ಹುಣ್ಣಾಗಿ ಕ್ಯಾನ್ಸರ್ ಅಂದಾರ. ಸೋಮವಾರ ಆಪರೇಶನ್ನು, ಮುಕ್ಕಾಲು ನಾಲಿಗಿ ತಗೀಬೇಕಂತ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮಗಳು ಫೋನ್ ಮಾಡಿದ್ರ ಅಪ್ಪನ ಕೂಡ ಮಾತಾಡಂಗಿಲ್ಲ. ಮಾತ ಕೊಟ್ಟು ತಪ್ಪಿದಿ ಅಂತಾಳ. ನಾನೂ ಅಂದೀನ್ರಿ, ಸುಳ್ಳ್ಯಾಕ ಹೇಳ್ಲಿ. ಅವರು ಮಾತ್ರ, 'ನಾ ಮಾತ ಕೊಟ್ಟಿಲ್ಲ, ಕೊಟ್ಟಿಲ್ಲ' ಅಂತ ಒಂದ ಹಟ."

"ಆಪರೇಶನ್‌ಗೆ ಒಪ್ಪಿದಾರಲ್ಲ?"

"ಇಲ್ರೀ! ಅದಕ್ಕ ಬಂದೀನಿ. ವಲ್ಲೆ ಅಂತ ಕುಂತಾರ. ಸೋಮವಾರ ಬಿಟ್ರ ಮುಂದ ನಮ್ಮ ಕೈಯಾಗ ಇಲ್ಲ ಅಂದಾರ ದೊಡ್ಡ ಡಾಕ್ಟ್ರು. ನೀವು ಮಂದಿ ಮನಸು ತಿರಗಸೂದು ಕಲಸ್ತೀರಂತ ನರ್ಸ್ ಬಾಯಾರು ಹೇಳಿದ್ರು. ಒಂದ ಸಲ ಬಂದು ಮಾತಾಡ್ರಿ."

ನಾಳೆ ಬರುತ್ತೇನೆ ಅಂತ ಹೇಳಿ ಪ್ರಮೀಳಾ ಅವಳನ್ನು ಕಳಿಸಿದಳು. ಕಳಿಸಿ, ನೇರ ಯಂತ್ರದ ಕೋಣೆಗೆ ಹೋದಳು. ಅಲ್ಲಿ ತಕ್ಕಡಿಯ ಹೊಣೆ ಹೊತ್ತ ಇಂಜಿನಿಯರ್ ಶ್ರೀವತ್ಸ ಕೂತಿದ್ದ. ಮೈಸೂರಿನವನು, ಒಳ್ಳೆಯ ಹುಡುಗ, ಬಂದು ಒಂದು ವರ್ಷವಾಗಿತ್ತು.

"ಈರಭದ್ರಪ್ಪ ಮುಳಗುಂದ ಅಂತ, ಗದಗ. ಧ್ವನಿ ಉಳಿದಿದೆಯಾ ನೋಡು."

ಉಳಿದಿತ್ತು. ಬಟನ್ ಒತ್ತಿದೊಡನೆ ಕೋಣೆಯ ತುಂಬ ಒಂದು ದನಿ ಹರಡಿತು. ತುಂಬಿದ ಕಂಠ, ಒಂದೊಂದು ಅಕ್ಷರವೂ ಬಿಡಿಬಿಡಿ. ನರ್ಸ್ ಚೆನ್ನಾಗಿಯೇ ಮಾತಾಡಿದ್ದಳು. ಬುದ್ಧಿ ಹೇಳಿರಲಿಲ್ಲ, ಹೆದರಿಸಿರಲಿಲ್ಲ. ತಂಬಾಕಿನಿಂದ ನಿಮಗೇನು ಉಪಯೋಗ ಅಂತ ಕೇಳಿದ್ದಳು.

"ಬಾಯಾಗ ಅದು ಇಲ್ಲಂದ್ರ ಮೈಕಿನ ಮುಂದ ಕುಂದ್ರಾಕ ಆಗಂಗಿಲ್ರಿ" ಅಂದಿತ್ತು ಆ ದನಿ. "ಬಿಡಬೇಕಂತೀನಿ ಖರೆ, ನನ್ನ ನಾಲಿಗೀನ ನನ್ನ ಅನ್ನ. ಆದ್ರ ಹೆಂಗ ಬಿಡೂದು ತಿಳೀವಲ್ದು."

ಪ್ರಮೀಳಾ ಕಣ್ಣು ಮುಚ್ಚಿದಳು. ಹೇಗೆ ಬಿಡುವುದು ತಿಳಿಯುತ್ತಿಲ್ಲ ಎನ್ನುತ್ತಿದ್ದಾನೆ ಮನುಷ್ಯ! ಬಾಗಿಲು ತೆರೆದಿಟ್ಟುಕೊಂಡು ನಿಂತಿದ್ದಾನೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಹಿಂದೆಲ್ಲೋ ಬಸ್ಸಿನ ಹಾರ್ನ್ ಕೇಳಿಸಿತು. "ಆತು ತಗೋರಿ ಸಿಸ್ಟರ್, ನಾಲ್ಕೂವರಿ ಗಾಡಿ ಹೇಳಬೇಕು" ಅಂದಿತು ದನಿ. ಹಸಿರು ಬಿತ್ತೆಂದು ತಿಳಿಸುವ ಸಣ್ಣ ಸದ್ದು. "ಭಾಳ ಸಂತೋಷ ಆತ್ರಿ" ಅಂದಳು ನರ್ಸ್. ಕುರ್ಚಿ ಸರಿದ ಸದ್ದು. ಏಳು ನಿಮಿಷದಲ್ಲಿ ಇನ್ನೂ ಎರಡು ನಿಮಿಷ ಇಪ್ಪತ್ತು ಸೆಕೆಂಡು ಬಾಕಿ ಇತ್ತು.

"ಸರಿಯಾಗೇ ಇದೆಯಲ್ಲ ಮೇಡಂ?" ಅಂದ ಶ್ರೀವತ್ಸ.

"ಬರೇ ಈ ಒಂದು ಮಾತಿನ ಮೇಲೆ ನಿರ್ಧರಿತ ಅಂತ ಆದವರು ಎಷ್ಟು ಜನ? ಹುಡುಕು."

ಅವನು ಹುಡುಕಿದ. ಪರದೆಯ ಮೇಲೆ ಅಂಕಿ ಬಂತು. ಮೂರು ಸಾವಿರದ ನೂರ ಎಂಬತ್ತಾರು. ತಂಬಾಕಿನವರು, ಕುಡಿತದವರು, ಸಕ್ಕರೆ ಕಾಯಿಲೆಯವರು. ಮೂರು ವರ್ಷದಲ್ಲಿ ಇವರಲ್ಲಿ ಒಬ್ಬರ ಮನೆಯ ಬಾಗಿಲನ್ನೂ ಯಾರೂ ತಟ್ಟಿರಲಿಲ್ಲ.

"ಆದ್ರೆ ಆಯ್ತು ಅಂದ್ರೆ ಆಯ್ತು ತಾನೇ ಮೇಡಂ?"

"ಅಲ್ಲಪ್ಪ. ಇಲ್ಲಿ ಅಲ್ಲ."

ಹುಡುಗ ಪರದೆಯ ಮೇಲಿನ ಅಂಕಿಯನ್ನು ಮತ್ತೊಮ್ಮೆ ನೋಡಿದ. "ಅಯ್ಯೋ! ಹಾಗಾದ್ರೆ ಯಾರಿಗೂ ಇದು ಗೊತ್ತೇ ಇರ್ಲಿಲ್ವಾ? ಮುಂದಿನ ತಿಂಗಳು ರಾಜ್ಯಕ್ಕೆಲ್ಲಾ ಹೋಗುತ್ತೆ ಇದು."

ಯಾರಿಗೂ ಗೊತ್ತಿರಲಿಲ್ಲ ಅಂದುಬಿಟ್ಟಿದ್ದರೆ ಅವನು ನಂಬುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಛೇ, ಎಂಥ ಹೆಂಗಸು ನಾನು ಅಂತ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನನಗೆ ಗೊತ್ತಿತ್ತು" ಅಂದಳು. ಶ್ರೀವತ್ಸ ಪರದೆಯ ಕಡೆಯಿಂದ ಕುರ್ಚಿ ತಿರುಗಿಸಿದ. ಅವಳ ಮುಖವನ್ನೇ ನೋಡುತ್ತ ಕೂತ. ಆ ನೋಟಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಆ ಮೂರು ಸಾವಿರ ಚಿಲ್ಲರೆ ಹೆಸರುಗಳ ಪಟ್ಟಿ ತೆಗೆದಿಡು ಅಂತ ಅವನಿಗೆ ಹೇಳಿ ಎದ್ದಳು.

ಶನಿವಾರ ಬೆಳಗಿನ ಬಸ್ಸಿಗೆ ಪ್ರಮೀಳಾ ಗದಗಿಗೆ ಹೋದಳು. ತಕ್ಕಡಿ ಒಯ್ಯಲಿಲ್ಲ. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕು, ಏನು ಕೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ನಿಜ ಹೇಳಲೋ ಬೇಡವೋ? ಮೊದಲು ಆಪರೇಶನ್‌ಗೆ ಒಪ್ಪಿಸಿಬಿಡೋಣ, ಉಳಿದದ್ದು ಆಮೇಲೆ. ಜೀವ ಉಳಿದರೆ ಸಾಕಲ್ಲ. ಹೀಗೆ ಹೇಳಿಕೊಂಡು ಸ್ವಲ್ಪ ಸಮಾಧಾನವೂ ಆಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ಅಂಥ ಸಮಾಧಾನ.

ಈರಭದ್ರಪ್ಪ ಪಡಸಾಲೆಯ ಗೋಡೆಗೆ ಆತುಕೊಂಡು ಕೂತಿದ್ದರು. ಒಂದು ಗಲ್ಲ ಬಾತಿತ್ತು. ಶುಕ್ರವಾರ ಕೇಳಿದ ದನಿ ಇದೇ ಹೌದೋ ಅಲ್ಲವೋ ಅನ್ನಿಸುವಷ್ಟು ಮಾತು ದಪ್ಪವಾಗಿ, ತೊದಲಾಗಿ ಬರುತ್ತಿತ್ತು. ಆದರೂ ಎದ್ದು ನಿಂತು ಕೈಮುಗಿದರು. ನೀಲವ್ವ ಚಹಾಕ್ಕೆ ಅಂತ ಒಳಗೆ ಹೋದಳು.

"ಸೋಮವಾರದ ಬಗ್ಗೆ ನಿಮಗ ಏನ ಅನಸ್ತೈತ್ರಿ?" ಪ್ರಮೀಳಾ ಕಲಿಸಿದ ಕ್ರಮದಲ್ಲೇ ಶುರುಮಾಡಿದಳು.

"ವಲ್ಲೆ ಅನಸ್ತೈತಿ."

"ಅಂದ್ರ, ಈಗಿನ ಮಟ್ಟಿಗೆ ನಿಮಗ ಬ್ಯಾಡ ಅನಸೇತಿ."

ಈರಭದ್ರಪ್ಪ ಅವಳನ್ನು ಒಂದು ಗಳಿಗೆ ನೋಡಿದರು. "ನಾ ಅಂದದ್ದನ್ನ ತಿರುಗಿ ನನಗ ಹೇಳ್ತೀರಿ. ಆ ಸಿಸ್ಟರೂ ಹಂಗ ಮಾಡಿದ್ರು. ನಿಮ್ಮ ಸಾಲ್ಯಾಗ ಹಂಗ ಕಲಸ್ತಾರೇನ್ರಿ?"

ಪ್ರಮೀಳಾಳ ಕಿವಿ ಬಿಸಿಯಾಯಿತು. "ಯಾಕ ಬ್ಯಾಡ, ಹೇಳ್ರಿ. ನಾ ಸುಮ್ಮನ ಕೇಳ್ತೀನಿ."

"ಕೇಳ್ರಿ ಹಂಗಾರ." ನೋವಿಗೆ ಒಮ್ಮೆ ಗಲ್ಲ ಹಿಡಿದುಕೊಂಡರು. "ಇಪ್ಪತ್ತಾರು ವರ್ಷ ಮೈಕ್ ಹಿಡದೀನಿ. ಬರಲಾರದ ಗಾಡಿ ಬರ್ತೈತಿ ಅಂತ ಒಂದ ದಿನಾ ಹೇಳಿಲ್ಲ. ಗಾಡಿ ಕಣ್ಣಿಗೆ ಕಂಡ ಮ್ಯಾಲನ ಬಾಯಿ ತಗದೀನಿ. ನಾನು ಮಾತ ಕೊಟ್ಟು ತಪ್ಪಿದಾಂವ ಅಂತ ಈಗ ಓಣಿ ತುಂಬ ಸುದ್ದಿ. ತಂಬಾಕ ತಿಂದೀನ್ರಿ, ಅದು ನನ್ನ ತಪ್ಪು, ಉಣ್ತೀನಿ. ಆದ್ರ ಮಾತ ಕೊಟ್ಟಿಲ್ಲ! ಎಷ್ಟ ಸಲ ಹೇಳಿದ್ರೂ, 'ಚೀಟ್ಯಾಗ ಐತಲ್ಲ' ಅಂತಾರ. ಹೇಳಾಕ ನಾಲಿಗಿ ಇದ್ದಾಗನ ಯಾರೂ ನಂಬವಲ್ರು. ಕೊಯ್ದ ಮ್ಯಾಲ ಯಾರ ಹೇಳ್ತಾರ? ಹಿಂಗ ಕಳ್ಳ ಅನಿಸ್ಕೊಂಡು ಮೂಕ ಆಗಿ ಬದುಕೂದಕ್ಕಿಂತ, ಹೋಗೂದು ಪೂರಾ ಹೋಗ್ಲಿ."

ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳನ್ನು ಪ್ರಮೀಳಾ ಅಲ್ಲಿಗೇ ಬಿಟ್ಟಳು.

ಅವರಿಗೆ ದಣಿವಾಗಿತ್ತು. ಗೋಡೆಗೆ ತಲೆ ಆನಿಸಿ, "ಆತು ತಗೋರಿ ಬಾಯಾರ. ದೂರದಿಂದ ಬಂದೀರಿ, ಚಾ ಕುಡದು ಹೋಗ್ರಿ" ಅಂದರು.

ಅವಳು ಏಳಲಿಲ್ಲ. "ನೀವು ಈಗ ಒಪ್ಪಿಗೆ ಕೊಡಲಿಲ್ಲ. ನನ್ನನ್ನ ಎಬ್ಬಿಸಿ ಕಳಸಾಕತ್ತೀರಿ" ಅಂದಳು.

"ತಿಳೀತಲ್ಲ ನಿಮಗ! ಆ ಸಿಸ್ಟರ್‌ಗೆ ತಿಳೀಲಿಲ್ಲ ನೋಡ್ರಿ. ಆಕೀನೂ ಇದ ಊರಾಕಿ."

"ಆಕಿಗೂ ತಿಳೀತಿತ್ರಿ. ತಿಳೀಲಾರದಂಗ ಕಲಿಸಿದಾಕಿ ನಾನು."

ಈರಭದ್ರಪ್ಪ ತಲೆ ಎತ್ತಿದರು. ಪ್ರಮೀಳಾ ಹೇಳಿದಳು. ಮೊದಲು ತಡವರಿಸಿತು, ಆಮೇಲೆ ನಿಲ್ಲಲಿಲ್ಲ. ತಕ್ಕಡಿಯ ಮಾತು, ಕಾಶವ್ವನ ಮಾತು, ಎಂಬತ್ತೊಂದು, ಎಂಬತ್ತಾರು, ತಾನು ಪುಸ್ತಕದಲ್ಲಿ ಬರೆದ ಸಾಲು. "ನೀವು ಮಾತ ಕೊಟ್ಟಿಲ್ಲ. ಹೆಂಗ ಬಿಡೂದು ತಿಳೀವಲ್ದು ಅಂತ ಕೇಳಿದ್ರಿ. ನಿನ್ನೆ ನಿಮ್ಮ ದನಿ ನಾನ ಕೇಳೀನಿ. ಆವಾಗ ಯಾರರೆ ನಿಮ್ಮ ಮನಿಗೆ ಬರಬೇಕಿತ್ತು. ಬರದಂಗ ಮಾಡಿದಾಕಿ ನಾನು. ನನಗ ಗೊತ್ತಿದ್ದ ಮಾಡೀನ್ರಿ. ಕ್ಷಮಾ ಮಾಡ್ರಿ ಅನ್ನಾಕೂ ನನಗ ಮುಖ ಇಲ್ಲ."

ಅವಳು ಅಳುತ್ತಿದ್ದಳು. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅನ್ನುತ್ತಾರೆ, ಏನೂ ಆಗಲಿಲ್ಲ. ಆ ಹದಿನಾಲ್ಕು ತಿಂಗಳನ್ನು ಯಾರು ತಂದುಕೊಡುತ್ತಾರೆ? ಅಂದೇ ಒಬ್ಬ ಕಾಶವ್ವ ಈ ಪಡಸಾಲೆಗೆ ಬಂದು ಕೂತಿದ್ದರೆ, ಮರುವಾರ ಮತ್ತೆ ಬಂದಿದ್ದರೆ, ಮಚ್ಚೆ ಮಚ್ಚೆಯಾಗಿಯೇ ಉಳಿದು ಮಾಯುತ್ತಿತ್ತೋ ಏನೋ. ಈ 'ಏನೋ' ಸಾಯುವ ತನಕ ತನ್ನನ್ನು ಬಿಡುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು.

ಈರಭದ್ರಪ್ಪ ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡರು. ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ಇದನ್ನ ನನ್ನ ಮುಂದ ಯಾಕ ಹೇಳ್ತೀರಿ ಬಾಯಾರ?" ಅಂದರು ಕೊನೆಗೆ. "ನಾ ಮಾತ ಕೊಟ್ಟಿಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ."

ಒಳಗಿನಿಂದ ಚಹಾ ತಂದ ನೀಲವ್ವ ಹೊಸ್ತಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕಪ್ಪುಗಳಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಕೊಟ್ಟಿರಲಿಲ್ಲೇನ್ರಿ ಅವರು?" ಅಂದಳು.

"ಇಲ್ಲವ್ವ."

ನೀಲವ್ವ ಚಹಾ ಕೆಳಗಿಟ್ಟಳು. ಗಂಡನ ಕಡೆ ನೋಡಲಿಲ್ಲ, ನೋಡಲಿಕ್ಕೆ ಆಗಲಿಲ್ಲ ಅಂತ ಕಾಣುತ್ತದೆ. ಅಲ್ಲೇ ನೆಲದ ಮೇಲೆ ಕೂತು, "ಶಿವನ, ಏನೇನ ಅಂದ್ನೆಲ್ಲಪಾ ನಾನು" ಅಂತ ಹಣೆ ಹಣೆ ಬಡಿದುಕೊಂಡಳು. ಆ ಮಾತು ಪ್ರಮೀಳಾಳ ಎದೆಗೆ ನಾಟಿತು. ತಾನು ಬರೆದ ಒಂದು ಸಾಲು ಈ ಮನೆಯೊಳಗೆ ಬಂದು ಗಂಡ ಹೆಂಡತಿಯ ನಡುವೆಯೂ ಕೂತಿತ್ತಲ್ಲ, ಇದು ಯಾವ ಅಂಕಿಯಲ್ಲೂ ಬಂದಿರಲಿಲ್ಲ.

"ನನ್ನಂಗ ಎಷ್ಟ ಮಂದಿ ಅದಾರ?" ಈರಭದ್ರಪ್ಪ ಕೇಳಿದರು.

"ಮೂರು ಸಾವಿರದ ನೂರ ಎಂಬತ್ತಾರು."

"ಬರದು ಕೊಡ್ರಿ. ಯಾರ ತಪ್ಪು, ಏನ ತಪ್ಪು, ಎಲ್ಲಾ. ಆ ಮಂದೀದೂ ಬರೀರಿ. ನಿಮ್ಮ ಸಹಿ ಇರಬೇಕು. ಒಂದು ನನಗ, ಒಂದು ನಿಮ್ಮ ಸಮಿತಿಗೆ. ಅದು ನನ್ನ ಕೈಯಾಗ ಬಂದ್ರ ಸೋಮವಾರ ಹೋಗ್ತೀನಿ. ನಿಮ್ಮ ಮಾತ ಕೇಳಿ ಹೋಗೂದಲ್ಲ, ತಿಳ್ಕೋರಿ."

ಹಾಗೆ ಬರೆದರೆ ಕೇಂದ್ರದಲ್ಲಿ ತನಗೆ ಮತ್ತೆ ಜಾಗವಿಲ್ಲ, ತಕ್ಕಡಿಯೂ ನಿಲ್ಲುತ್ತದೆ, ವಿಚಾರಣೆ ಶುರುವಾಗುತ್ತದೆ ಅಂತ ಪ್ರಮೀಳಾಗೆ ಗೊತ್ತಿತ್ತು. ಕಾಗದ ಕೇಳಿದಳು. ನೀಲವ್ವ ಒಂದು ಉದ್ದನೆಯ ನೋಟ್‌ಬುಕ್ ತಂದುಕೊಟ್ಟಳು. ಪಡಸಾಲೆಯ ನೆಲದ ಮೇಲೆ ಕೂತು ಪ್ರಮೀಳಾ ಎರಡು ಪ್ರತಿ ಬರೆದಳು. 'ಗೊತ್ತಿರಲಿಲ್ಲ' ಅಂತ ಎಲ್ಲೂ ಬರೆಯಲಿಲ್ಲ. ಒಂದು ಕಡೆ 'ಪ್ರಮಾದವಶಾತ್' ಅಂತ ಬರೆದು, ಅದನ್ನು ಹೊಡೆದುಹಾಕಿ, 'ತಿಳಿದೂ' ಅಂತ ತಿದ್ದಿದಳು. ಕೆಳಗೆ ಸಹಿ ಮಾಡಿದಳು.

ಅಷ್ಟರಲ್ಲಿ ನೀಲವ್ವ ಹೊಸಪೇಟೆಯ ಮಗಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ನಿಂತರು. ಈರಭದ್ರಪ್ಪನ ಅಣ್ಣ, ತಮ್ಮನನ್ನು ಮಾತಿಗೆ ತಪ್ಪಿದವನು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಬೈದವನು, ಅಂಗಳದಲ್ಲೇ ನಿಂತ.

"ಓದ್ರಿ" ಅಂದರು ಈರಭದ್ರಪ್ಪ.

ಅವಳು ಓದಿದಳು. 'ಈರಭದ್ರಪ್ಪ ಮುಳಗುಂದ ಇವರು ತಂಬಾಕು ಬಿಡುವುದಾಗಿ ಯಾವ ಮಾತನ್ನೂ ಕೊಟ್ಟಿರಲಿಲ್ಲ' ಅಂತ ಶುರುವಾಗಿ, 'ಇದು ಸುಳ್ಳೆಂದು ತಿಳಿದೂ ನಾನು ಮಾಡಿದೆ' ಅನ್ನುವಲ್ಲಿ ದನಿ ಇಳಿಯಿತು, ಕೊನೆಕೊನೆಗೆ ತುಟಿಗಳು ಮಾತ್ರ ಆಡುತ್ತಿದ್ದವು. ಮುಗಿಸಿ ಕಾಗದ ಮಡಚಲು ಹೋದಳು. ಫೋನಿನಲ್ಲಿ ಮಗಳು ಅಳುತ್ತಿದ್ದಳು.

ಈರಭದ್ರಪ್ಪ ಕೈ ಎತ್ತಿ ತಡೆದರು. ಬಾತ ಗಲ್ಲವನ್ನು ಅಂಗೈಯಿಂದ ಒತ್ತಿ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಒಂದ ಸಲ ಹೇಳಿದ್ದು ಹಿಂದ ನಿಂತವರಿಗೆ ಕೇಳಸಂಗಿಲ್ರಿ. ಗಾಡಿ ತಪ್ಪತೈತಿ. ಯಾವಾಗಲೂ ಎರಡ ಸಲ ಹೇಳಬೇಕು. ಎರಡನೇ ಸಲ ಜೋರಂಗ."

ಪ್ರಮೀಳಾ ಎದ್ದು ನಿಂತಳು. ಕಾಗದ ಬಿಚ್ಚಿ, ಅಂಗಳದ ಕಡೆ ಮುಖ ಮಾಡಿ, ಮೊದಲಿನಿಂದ ಮತ್ತೆ ಓದತೊಡಗಿದಳು.